ಎಡೆಯಲ್ಲಿಟ್ಟ ಕಾಗದ

ಸತ್ತವರು ಬಂದು ಉಂಡು ಹೋಗುತ್ತಾರೆ ಅನ್ನುವುದನ್ನು ನಾನು ನಂಬುವುದು ಬಿಟ್ಟಿದ್ದು ಒಂಬತ್ತನೇ ವಯಸ್ಸಿನಲ್ಲಿ, ಒಂದು ಕ್ವಾರ್ಟರ್ ಬ್ರಾಂದಿಯ ದೆಸೆಯಿಂದ. ಪೂರಿಗಾಲಿಯ ಆಸುಪಾಸಿನ ನಮ್ಮೂರುಗಳಲ್ಲಿ ಪಿತೃಪಕ್ಷವನ್ನು ಪಕ್ಷದ ಹಬ್ಬ ಅನ್ನುತ್ತೇವೆ. ಮನೆಯಲ್ಲಿ ತೀರಿಕೊಂಡವರ ಫೋಟೋಗಳನ್ನು ನಡುಮನೆಯಲ್ಲಿ ಸಾಲಾಗಿ ಇಟ್ಟು, ಮುಂದೆ ಬಾಳೆಲೆ ಹಾಸಿ, ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸುತ್ತೇವೆ. ಅದೇ ಎಡೆ. ಸಾಂಬ್ರಾಣಿ ಹಾಕಿ, ಕೈಮುಗಿದು, ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿ ಜಗಲಿಯ ಮೇಲೆ ಕೂರಬೇಕು. ಆ ಹೊತ್ತಿನಲ್ಲಿ ಹಿರೀಕರು ಒಳಗೆ ಬಂದು ಊಟ ಮಾಡುತ್ತಾರೆ. ಬದುಕಿರುವವರು ನೋಡುತ್ತಿದ್ದರೆ ಅವರಿಗೆ ಉಣ್ಣಲು ನಾಚಿಕೆಯಂತೆ. ಒಂದಷ್ಟು ಹೊತ್ತು ಕಳೆದ ಮೇಲೆ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಅಲ್ಲಿಯವರೆಗೆ ದೊಡ್ಡವರ ಬಾಯಿಗೆ ಒಂದು ಅಗುಳೂ ಬೀಳುವಂತಿಲ್ಲ.

ನಮ್ಮ ತಾತನ ಎಲೆಯ ಪಕ್ಕದಲ್ಲಿ ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ ಇಡುತ್ತಿದ್ದರು. ಪ್ರತಿ ವರ್ಷವೂ ಬಾಗಿಲು ತೆಗೆದಾಗ ಬಾಟಲಿಯಲ್ಲಿ ಎರಡು ಬೆರಳು ಕಡಿಮೆಯಾಗಿರುತ್ತಿತ್ತು. ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಆ ವರ್ಷ ಉಚ್ಚೆಗೆಂದು ಹಿತ್ತಿಲಿಗೆ ಹೋದವನು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದರೆ, ನಮ್ಮ ದೊಡ್ಡಪ್ಪ ನಿಂತುಕೊಂಡೇ ಕತ್ತೆತ್ತಿ ತಾತನ ಪಾಲನ್ನು ಗಂಟಲಿಗೆ ಸುರಿದುಕೊಳ್ಳುತ್ತಿದ್ದ. ನನ್ನನ್ನು ಕಂಡವನೇ ಕೆಮ್ಮಿಕೊಂಡು, “ನಿಮ್ತಾತ ನನ್ ಮೈಮೇಲೆ ಬಂದವ್ನೆ ಕಣ್ಲಾ, ಓಗು ಅತ್ಲಾಗೆ” ಅಂದ. ನಾನು ಬಿದ್ದು ಬಿದ್ದು ನಕ್ಕೆ. ಬೀದಿಯ ಹುಡುಗರಿಗೆಲ್ಲ ಹೇಳಿದೆ, ಅವರೂ ನಕ್ಕರು. ನನ್ನ ನಂಬಿಕೆ ಹೋದ ಕತೆ ಇಷ್ಟೇ. ಒಂದು ಚೂರೂ ನೋವಾಗಲಿಲ್ಲ. ಯಾಕೆಂದರೆ ತಾತನನ್ನು ನಾನು ಕಣ್ಣಿಂದ ಕಂಡವನೇ ಅಲ್ಲ. ಹಾಲುಹಲ್ಲು ಬಿದ್ದ ಹಾಗೆ ಬಿದ್ದುಹೋಯಿತು.

ಎಲ್ಲ ಮಕ್ಕಳಿಗೂ ಹಾಗೇ ಅಂದುಕೊಂಡಿದ್ದೆ. ನನ್ನ ಮಗಳ ವಿಷಯ ಬೇರೆಯಾಯಿತು.

ನನ್ನ ಹೆಂಡತಿ ಮದ್ದೂರು ಕಡೆಯವಳು. ಊರಿನ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ನಮ್ಮ ಮನೆಯಲ್ಲಿ ನಮ್ಮವ್ವ ಮಾಡುತ್ತಿದ್ದ ಮೆತ್ತನೆಯ ಉದ್ದಿನ ವಡೆಯನ್ನು ಮೂಸಿ ನೋಡಿ ಪಕ್ಕಕ್ಕಿಡುವಳು. “ವಡೆ ಕಡುದ್ರೆ ಪಕ್ಕದ್ ಮನೆಗ್ ಕೇಳ್ಬೇಕು” ಅನ್ನುವುದು ಅವಳ ಮಾತು. ತಾನೇ ಈರುಳ್ಳಿ ಹೆಚ್ಚಿ, ರವೆ ಹುರಿದು, ಗಟ್ಟಿಯಾಗಿ ತಟ್ಟಿ ಕರಿದು, ಕರುಂ ಕರುಂ ಅನ್ನಿಸಿಕೊಂಡು ಜಗಲಿಯ ಮೇಲೆ ಕೂತು ತಿನ್ನುವಳು. ಅವಳ ಮಡಿಲಲ್ಲಿ ಮಗಳು. ಆರು ದಿನದ ಜ್ವರದಲ್ಲಿ ನನ್ನ ಹೆಂಡತಿ ಹೋಗಿಬಿಟ್ಟಳು. ನಾಲ್ಕನೇ ದಿನ ಆಟೋದಲ್ಲಿ ಮಳವಳ್ಳಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ದಿನ ಕಳೆದು ವಾಪಸು ಕರೆತಂದದ್ದು ಅವಳನ್ನಲ್ಲ. ಮಗಳಿಗೆ ಆಗ ಐದು ತುಂಬಿರಲಿಲ್ಲ.

ಆ ವರ್ಷದ ಪಕ್ಷದ ಹಬ್ಬಕ್ಕೆ ಅಪ್ಪನ ಫೋಟೋ ಪಕ್ಕದಲ್ಲಿ ಅವಳ ಫೋಟೋ ಬಂತು. ನಮ್ಮವ್ವ ಹೊಸ ಸೀರೆ ಮಡಿಸಿ ಇಟ್ಟಳು. ನಾನು ಬೈಕಿನಲ್ಲಿ ಮದ್ದೂರಿಗೆ ಹೋಗಿ ವಡೆ ಕಟ್ಟಿಸಿಕೊಂಡು ಬಂದೆ. ಊರಲ್ಲಿ ಪಾಲು ಹಾಕಿದ ಗುಡ್ಡೆ ಬಾಡಿನ ಸಾರು, ಮುದ್ದೆ, ಕಜ್ಜಾಯ ಎಲ್ಲ ಬಡಿಸಿದ್ದಾಯಿತು. (ಬಂಡೂರು ಕುರಿ ಅಂತ ಹೇಳಿ ಅದ್ಯಾವ ಮುದಿ ಟಗರು ಕಡಿದಿದ್ದರೋ, ಬೇಯಲು ಮಧ್ಯಾಹ್ನವೆಲ್ಲ ಬೇಕಾಯಿತು.) ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ಅವ್ವ, ಮಂಡ್ಯದಿಂದ ಬಂದಿದ್ದ ನನ್ನ ತಮ್ಮ, ಅವನ ಹೆಂಡತಿ, ನನ್ನ ಮಗಳು. ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ಜನದ ಎದುರು ಅಳಲು ನನಗೆ ಬರುವುದಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು. ಬೆಕ್ಕು ಬಂದೀತು ಎಂದು ಮುಚ್ಚಲು ಹೋದವನು ಹಾಗೇ ಒಳಗೆ ಹೋಗಿ ಅವಳ ಫೋಟೋದ ಮುಂದೆ ನಿಂತುಬಿಟ್ಟೆ.

ಏನಾಯಿತೋ ಈಗಲೂ ಸರಿಯಾಗಿ ಹೇಳಲಾರೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಅದೂ ಇರಬಹುದು. ಅವಳ ಎಲೆಯಿಂದ ವಡೆ ತೆಗೆದುಕೊಂಡು ಒಂದು ಸಲ ಕಡಿದೆ. ಕರುಂ ಎಂದಿತು.

“ಅಮ್ಮ! ಅಜ್ಜೀ, ಅಮ್ಮ ವಡೆ ತಿಂತಾವ್ಳೆ!”

ಬಾಗಿಲ ಆಚೆಯಿಂದ ಮಗಳ ಕೂಗು. ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ. ಕಚ್ಚಿದ ವಡೆಯನ್ನು ಎಲೆಯ ಮೇಲೆ ಹಾಗೇ ಇಟ್ಟು, ಕಳ್ಳನ ಹಾಗೆ ಹಿತ್ತಿಲಿನಿಂದ ಹೊರಬಿದ್ದು, ಮನೆ ಸುತ್ತಿಕೊಂಡು ಜಗಲಿಗೆ ಬಂದೆ. ಅವ್ವ ಬಾಗಿಲು ತಟ್ಟಿ ತೆಗೆದಳು. ಎಲ್ಲರೂ ನೋಡಿದರು. ವಡೆಯಲ್ಲಿ ಅರ್ಧಚಂದ್ರದಷ್ಟು ಇಲ್ಲ. ಅವ್ವ ಸೆರಗು ಬಾಯಿಗಿಟ್ಟುಕೊಂಡು, “ಬಂದಿದ್ಲು ಕಣಪ್ಪಾ, ನನ್ ಸೊಸೆ ಬಂದಿದ್ಲು” ಎಂದು ಗೋಳೋ ಎಂದು ಅತ್ತಳು. ಮಗಳು ಮಾತ್ರ ಅಳಲಿಲ್ಲ. ಅಮ್ಮ ಸತ್ತ ಮೇಲೆ ಅವಳು ಕುಣಿದಿದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಆ ಕುಣಿತ ನೋಡಿಕೊಂಡು, ತಿಂದವನು ನಾನು ಕಣಮ್ಮ ಅನ್ನಲು ಯಾವ ಅಪ್ಪನಿಗೆ ಬಾಯಿ ಬರುತ್ತದೆ? ನನಗಂತೂ ಬರಲಿಲ್ಲ.

ಮುಂದಿನ ವರ್ಷ ಬೇಕೆಂದೇ ಕಡಿದೆ. ಅದರ ಮುಂದಿನ ವರ್ಷವೂ. ಮಗಳಿಗೆ ಬೇರೆ ಮಕ್ಕಳ ಹಾಗೆ ಯುಗಾದಿ, ದೀಪಾವಳಿ ಯಾವುದೂ ಲೆಕ್ಕಕ್ಕಿರಲಿಲ್ಲ. ಪಕ್ಷ ಯಾವಾಗ, ಪಕ್ಷ ಯಾವಾಗ, ಅದೊಂದೇ ಕೇಳುತ್ತಿದ್ದಳು. ಜಗಲಿಯ ಮೇಲೆ ಉಸಿರು ಬಿಗಿಹಿಡಿದು ಕಿವಿ ಕೊಟ್ಟು ಕೂರುತ್ತಿದ್ದಳು. ನಾನು ಒಳಗೆ ಒಂದೇ ಒಂದು ಸಲ, ಸದ್ದು ಆಚೆಗೆ ಕೇಳುವ ಹಾಗೆ ಕಡಿದು, ಹಿತ್ತಿಲಿನಿಂದ ಓಡುತ್ತಿದ್ದೆ. ಹಬ್ಬದ ದಿನವೇ ಅಪ್ಪನಿಗೆ ಅದೆಂಥ ಹೊಟ್ಟೆನೋವು, ಪದೇ ಪದೇ ಹಿತ್ತಿಲಿಗೆ ಯಾಕೆ ಹೋಗುತ್ತಾನೆ ಎಂದು ಯಾರೂ ಕೇಳಲಿಲ್ಲ. ನಂಬುವವರಿಗೆ ಇಂಥವೆಲ್ಲ ಕಣ್ಣಿಗೆ ಬೀಳುವುದಿಲ್ಲ.

ಅವಳಿಗೆ ಎಂಟು ವರ್ಷವಾದಾಗ ವಡೆಯ ಪಕ್ಕದಲ್ಲಿ ಒಂದು ಕಾಗದ ಇತ್ತು. ನೋಟ್‌ಬುಕ್ಕಿನ ಹಾಳೆ, ನಾಲ್ಕು ಮಡಿಕೆ. ಯಾವಾಗ ಇಟ್ಟಳೋ ಗೊತ್ತಾಗಿರಲಿಲ್ಲ. ಹಿತ್ತಿಲಿನಿಂದ ಒಳಗೆ ಬಂದವನು ಬಿಚ್ಚಿ ಓದಿದೆ.

“ಅಮ್ಮ, ನಾನು ಚೆನ್ನಾಗಿದೀನಿ. ನಾನು ಮೂರನೇ ಕ್ಲಾಸು. ನೀನು ಆಸ್ಪತ್ರೆಗೆ ಹೋಗುವಾಗ ನಾನು ಬಾಗಿಲ ಹಿಂದೆ ನಿಂತು ಹೋಗು ಬರಬೇಡ ಅಂದೆ. ನೀನು ಬೆಳಗ್ಗೆ ಹೊಡೆದಿದ್ದೆ ಅದಕ್ಕೆ. ನಿನಗೆ ಕೇಳಿಸ್ತಾ. ಅದಕ್ಕೇ ಬರಲಿಲ್ವಾ. ನಾನು ಸುಮ್ಮನೆ ಅಂದಿದ್ದು ಅಮ್ಮ. ಸಾರಿ. ವಡೆ ತಿನ್ನು.”

ಆವತ್ತು ನಾನು ಆಟೋ ತರಲು ಊರಬಾಗಿಲಿಗೆ ಓಡಿದ್ದೆ. ಮನೆಯಲ್ಲಿ ಹೀಗೊಂದು ಮಾತು ನಡೆದಿದ್ದು ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷಕ್ಕೂ ಮೇಲೆ, ಆ ಪುಟ್ಟ ಕೂಸು ತನ್ನ ಮಾತಿನಿಂದಲೇ ಅಮ್ಮ ಬರಲಿಲ್ಲ ಎಂದುಕೊಂಡು ನನ್ನ ಪಕ್ಕದಲ್ಲೇ ಉಣ್ಣುತ್ತಿತ್ತು, ನನ್ನ ಪಕ್ಕದಲ್ಲೇ ಮಲಗುತ್ತಿತ್ತು. ನಾನೊಬ್ಬ ಅಪ್ಪ, ದಂಡಕ್ಕೆ.

ಕಾಗದವನ್ನು ಅಲ್ಲೇ ಬಿಟ್ಟರೆ ಅಮ್ಮ ತೆಗೆದುಕೊಳ್ಳಲಿಲ್ಲ ಅಂದುಕೊಳ್ಳುತ್ತಾಳೆ. ಅವಳಿಗೆ ಕ್ಷಮೆ ಸಿಕ್ಕಲಿಲ್ಲ ಅಂತಾಗುತ್ತದೆ. ಯೋಚಿಸಲು ಹೊತ್ತಿರಲಿಲ್ಲ. ಜೇಬಿಗೆ ಹಾಕಿಕೊಂಡೆ, ವಡೆ ಕಡಿದೆ, ಓಡಿದೆ.

ಬಾಗಿಲು ತೆಗೆದಾಗ ಮಗಳು ವಡೆಯನ್ನು ನೋಡಲೇ ಇಲ್ಲ. ಎಲೆಯ ಅಡಿ, ಸೀರೆಯ ಮಡಿಕೆ, ಫೋಟೋದ ಹಿಂದೆ ಎಲ್ಲ ಹುಡುಕಿದಳು. ಕಾಗದ ಇಲ್ಲ ಅಂತ ಖಾತ್ರಿಯಾದ ಮೇಲೆ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಆ ರಾತ್ರಿ ಎರಡು ಮುದ್ದೆ ಉಂಡಳು. ಮಾರನೇ ದಿನದಿಂದ ಅವಳ ನಡಿಗೆಯೇ ಬದಲಾಯಿತು, ಸ್ಕೂಲಿಗೆ ಹಾರಿಕೊಂಡು ಹೋಗುತ್ತಿದ್ದಳು. ಅವ್ವ ಬೀದಿಗೆಲ್ಲ ಸಾರಿಕೊಂಡು ಬಂದಳು, “ನನ್ ಸೊಸೆ ಕಾಗ್ದ ಈಸ್ಕಂಡೋದ್ಲು.”

ಈಗ ನನ್ನ ಪಾಡು ಹೇಳುತ್ತೇನೆ, ಕೇಳಿ. ಆಟೋದಲ್ಲಿ ಮಳವಳ್ಳಿಗೆ ಹೋಗುವಾಗ ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡೇ ಒಂದು ಮಾತು ಹೇಳಿದ್ದಳು. “ಕೂಸು ಬಾಗ್ಲಿಂದೆ ಮುನಿಸ್ಕಂಡ್ ನಿಂತಿತ್ತು. ಬರ್ತಾ ಒಂದ್ ಬಿಸ್ಕತ್ ಪ್ಯಾಕೆಟ್ ತಗಂಡೋಗವ.” ಅಷ್ಟೇ. ಜ್ವರದಲ್ಲಿ ಆಡಿದ ಮಾತು ಎಂದು ನಾನು ಅದಕ್ಕೆ ಮಹತ್ವ ಕೊಟ್ಟಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಕಾಗದ ಓದಿದ ಮೇಲೆ ಆ ಮಾತಿನ ಬೆಲೆ ಗೊತ್ತಾಯಿತು. ಅವಳಿಗೆ ಕೇಳಿಸಿತ್ತು. ಕೇಳಿಸಿಯೂ ಅವಳು ಸಿಟ್ಟು ಮಾಡಿಕೊಂಡಿರಲಿಲ್ಲ. ಮಗಳ ಮುನಿಸು ಒಂದು ಬಿಸ್ಕತ್ತಿನ ಪೊಟ್ಟಣದಲ್ಲಿ ಇಳಿಯುತ್ತದೆ ಅಂದುಕೊಂಡೇ ಹೋಗಿದ್ದಳು. ನನ್ನ ಮಗಳಿಗೆ ಬೇಕಾಗಿದ್ದ ಮಾತು ಅದೊಂದೇ, ಅದು ಇದ್ದದ್ದು ನನ್ನೊಬ್ಬನ ಹತ್ತಿರ. ಆದರೆ ಹೇಳುವುದು ಹೇಗೆ? ಇಷ್ಟು ವರ್ಷ ಬಿಟ್ಟು, ಕಾಗದ ಇಟ್ಟ ಮೇಲೆಯೇ ಬಾಗಿಲ ಹಿಂದಿನ ಮಾತು ಎತ್ತಿದರೆ ಕಾಗದ ಓದಿದವನು ನಾನು ಅಂತಾಗುತ್ತದೆ. ಕಾಗದ ನನ್ನ ಹತ್ತಿರ ಇದೆ ಅಂದರೆ ಅಮ್ಮ ಬಂದಿಲ್ಲ. ಹೇಗಿದ್ದರೂ ಅವಳು ಈಗ ನೆಮ್ಮದಿಯಾಗಿದ್ದಾಳಲ್ಲ, ಬಿಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಹೇಳಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮುಂದಿನ ಎರಡು ವರ್ಷವೂ ಕಾಗದ ಬಂತು. “ನೀನು ಓದಿದ್ದು ಗೊತ್ತಾಯ್ತು. ಥ್ಯಾಂಕ್ಸ್ ಅಮ್ಮ. ಉತ್ತರ ಬರೆಯೋದು ಬೇಡ, ಅಲ್ಲಿ ಪೆನ್ನು ಇರಲ್ಲ” ಎಂದು ಒಂದರಲ್ಲಿ. “ಅಪ್ಪ ಕೂದಲು ಬಾಚಿದರೆ ಬೈತಲೆ ಸೊಟ್ಟ ಆಗತ್ತೆ” ಎಂದು ಇನ್ನೊಂದರಲ್ಲಿ. ಕ್ಲಾಸಿನ ಮಕ್ಕಳು ಒಬ್ಬೊಬ್ಬರೇ ನಂಬುವುದನ್ನು ಬಿಡುತ್ತಿದ್ದರು. ಎಡೆ ತಿನ್ನುವುದು ಬೆಕ್ಕು ಅಂತ ಒಬ್ಬಳು, ಇಲಿ ಅಂತ ಒಬ್ಬ. ನನ್ನ ಮಗಳು ಅವರ ಜೊತೆ ಜಗಳ ಮಾಡಿಕೊಂಡು ಬರುತ್ತಿದ್ದಳು. “ಬೆಕ್ಕು ಕಾಗ್ದ ತಿಂತದಾ ಅಪ್ಪ?” ಎಂದು ನನ್ನನ್ನು ಕೇಳಿದಳು. ತಿನ್ನಲ್ಲ ಅಂದೆ. ಅದು ಸುಳ್ಳಲ್ಲವಲ್ಲ. ಐದನೇ ಕ್ಲಾಸಿನಲ್ಲಿ ನಂಬುತ್ತಿದ್ದವಳು ಅವಳೊಬ್ಬಳೇ ಉಳಿದಳು. ಆಗಲಾದರೂ ಕೂರಿಸಿಕೊಂಡು ಹೇಳಬೇಕಿತ್ತು. ಈ ಹಬ್ಬ ಕಳೆಯಲಿ ಎಂದುಕೊಂಡೆ.

ಮೂರು ಕಾಗದಗಳನ್ನೂ ಬೀರುವಿನ ಹಸಿರು ಫೈಲಿನಲ್ಲಿ ಇಟ್ಟಿದ್ದೆ. ಮನೆಯ ಮುಖ್ಯವಾದ ಕಾಗದಪತ್ರ ಎಲ್ಲ ಇರುವುದು ಅದರಲ್ಲಿಯೇ, ಅವಳ ಅಮ್ಮನ ಮರಣ ಪ್ರಮಾಣಪತ್ರವೂ. ನಾನು ಶಿವನಸಮುದ್ರದ ಪವರ್‌ಹೌಸಿನಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ಅವಳು ಆರನೇ ಕ್ಲಾಸಿಗೆ ಬೇರೆ ಸ್ಕೂಲಿಗೆ ಸೇರಿದ ಹೊಸತು. ಬೆಳಗಿನ ಶಿಫ್ಟಿನಲ್ಲಿದ್ದಾಗ ಫೋನು ಬಂತು.

“ಅಪ್ಪ, ಆಧಾರ್ ಜೆರಾಕ್ಸ್ ಇವತ್ತೇ ತರ್ಬೇಕಂತೆ. ಎಲ್ಲದೆ?”

“ಬೀರೂಲಿ ಅಸ್ರು ಫೈಲು ಐತಲ್ಲ ಮಗಾ, ಅದ್ರಲ್ಲಿ ನೋಡು” ಅಂದೆ.

ಮಾತು ಮುಗಿಸಿ ಫೋನು ಜೇಬಿಗೆ ಹಾಕಿ ಮೆಷಿನ್ನಿನ ಕಡೆ ನಾಲ್ಕು ಹೆಜ್ಜೆ ಹೋಗಿರಬೇಕು, ನೆನಪಾಯಿತು. ವಾಪಸು ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅವ್ವ ಹೊಲಕ್ಕೆ ಹೋಗಿದ್ದಳು. ನನ್ನ ಬದಲಿಯವನು ಬರುವುದು ಎರಡು ಗಂಟೆಗೆ. ಅಲ್ಲಿಯವರೆಗೆ ಮೆಷಿನ್ ಬಿಟ್ಟು ಕದಲುವಂತಿಲ್ಲ. ಆ ಸದ್ದಿನಲ್ಲಿ, ಮೀಟರಿನ ಮುಳ್ಳು ನೋಡಿಕೊಂಡು, ಗಂಟೆಗೊಂದು ಸಲ ಪುಸ್ತಕದಲ್ಲಿ ಬರೆದುಕೊಂಡು, ಐದು ಗಂಟೆ ಕಾಲ ನಿಂತೆ. ಅಷ್ಟು ಹೊತ್ತಿಗೆ ಒಂದಲ್ಲ ಹತ್ತು ಸುಳ್ಳು ತಯಾರು ಮಾಡಿಕೊಂಡಿದ್ದೆ. ಅಮ್ಮ ಕನಸಿನಲ್ಲಿ ಬಂದು ಜೋಪಾನವಾಗಿ ಇಟ್ಟಿರು ಅಂತ ಕೊಟ್ಟಳು ಅನ್ನುವುದು ಅವುಗಳಲ್ಲೆಲ್ಲ ಚೆನ್ನಾಗಿತ್ತು.

ಮನೆಗೆ ಬಂದರೆ ಯೂನಿಫಾರ್ಮಿನಲ್ಲೇ ಮಂಚದ ಮೇಲೆ ಕೂತಿದ್ದಳು. ಸ್ಕೂಲಿಗೆ ಹೋಗಿರಲಿಲ್ಲ. ಮೂರು ಕಾಗದಗಳನ್ನು ಬಿಚ್ಚಿ ಸಾಲಾಗಿ ಇಟ್ಟುಕೊಂಡಿದ್ದಳು. ಅವಳ ಮುಖ ನೋಡಿದ ಮೇಲೆ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ.

“ಇವು ನಿನ್ನತ್ರ ಯಾಕವೆ ಅಪ್ಪ?”

“ನಾನೇ ತಗಂಡೆ ಮಗಾ.”

“ಮೂರೂವೆ?”

“ಮೂರೂವೆ.”

“ವಡೆ?”

“ವಡೇನೂ ನಾನೇಯ.”

ವಡೆಯ ವಿಷಯ ಅವಳಿಗೆ ಬೇಕಿರಲಿಲ್ಲ. ಕಾಗದಗಳನ್ನೇ ನೋಡುತ್ತ, ನನ್ನನ್ನು ಕೇಳುವಂತೆಯೂ ಅಲ್ಲ, ತನಗೆ ತಾನೇ ಹೇಳಿಕೊಂಡ ಹಾಗೆ ಅಂದಳು, “ಅಂಗಾರೆ ಅಮ್ಮ ಓದೇ ಇಲ್ಲ.”

ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ಇರುತ್ತಿತ್ತು. ಪಕ್ಕದಲ್ಲಿ ಕೂತು, ನಾನು ಓದಿದೀನಿ ಮಗಾ, ನಿಂದೇನೂ ತಪ್ಪಿಲ್ಲ ಅಂದೆ. “ನಿಂಗ್ ಬರ್ದಿರ್ನಿಲ್ಲ” ಅಂದಳು. ಅಮ್ಮಂಗೆ ಸಿಟ್ಟಿರಲಿಲ್ಲ ಅಂದೆ. “ನಿಂಗೆಂಗೊತ್ತು? ನೀನ್ ಆಟೋ ತರಕ್ ಓಗಿದ್ದೆ.”

ಆಗ ಆ ಬಿಸ್ಕತ್ತಿನ ಮಾತನ್ನು ಹೇಳಿದೆ. ಆಟೋದಲ್ಲಿ ಅವಳ ಅಮ್ಮ ಏನು ಹೇಳಿದ್ದಳೋ ಅದನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದೆ. ಇಷ್ಟು ವರ್ಷದಲ್ಲಿ ಅವಳ ಅಮ್ಮನ ವಿಷಯವಾಗಿ ನಾನು ಅವಳಿಗೆ ಹೇಳಿದ ಪೂರ್ತಿ ನಿಜ ಅದೊಂದೇ.

ಅವಳು ಕೇಳಿಸಿಕೊಂಡಳು. “ಯಾವ್ ಬಿಸ್ಕತ್ತು ಅಂದ್ಲು?”

“ಅದ್ ಏಳ್ನಿಲ್ಲ ಮಗಾ. ಬಿಸ್ಕತ್ತು ಅಂದ್ಲು, ಅಷ್ಟೇಯ.”

“ಅಮ್ಮಂಗೆ ಗೊತ್ತಿತ್ತು ಯಾವ್ದು ಅಂತ. ನಾನು ಕ್ರೀಮಿಂದ್ ಮಾತ್ರ ತಿಂತಿದ್ದುದು.” ಕಾಗದಗಳನ್ನು ಮತ್ತೆ ಹಳೆಯ ಮಡಿಕೆಗಳಿಗೇ ಮಡಿಚಿದಳು. “ಇದ್ನೂ ನೀನೇ ಏಳ್ತಿದ್ದೀಯ ಅಲ್ವಾ ಅಪ್ಪ.”

ನಾನು ದೇವರಾಣೆ ಅಂದೆ. ಅಮ್ಮನಾಣೆ ಅನ್ನಲು ಹೋಗಿ ನಿಲ್ಲಿಸಿಕೊಂಡೆ. ಅವಳು ಎದ್ದು ಹೋಗಿ ಯೂನಿಫಾರ್ಮ್ ಬದಲಾಯಿಸಿಕೊಂಡು ಬಂದು ನನಗೆ ಕಾಫಿ ಕಾಯಿಸಿಕೊಟ್ಟಳು.

ಆಮೇಲಿನ ತಿಂಗಳುಗಳನ್ನು ಏನೆಂದು ಹೇಳಲಿ. ಕೋಪ ಮಾಡಿಕೊಂಡಿದ್ದರೆ ರಮಿಸಬಹುದಿತ್ತು. ಅವಳು ಕೋಪ ಮಾಡಿಕೊಳ್ಳಲಿಲ್ಲ. ಕರೆದರೆ ಬರುತ್ತಾಳೆ, ಬಡಿಸಿದರೆ ಉಣ್ಣುತ್ತಾಳೆ, ಮಾರ್ಕ್ಸೂ ಕಡಿಮೆಯಾಗಲಿಲ್ಲ. ಒಂದೇ ಒಂದು ಬದಲಾವಣೆ. ನಾನು ಏನು ಹೇಳಿದರೂ ಅಜ್ಜಿಯ ಕಡೆ ತಿರುಗಿ, “ಔದಾ ಅಜ್ಜಿ?” ಅನ್ನುತ್ತಾಳೆ. ಏಳೂವರೆ ಬಸ್ಸು ಹೋಯಿತು ಅಂದರೂ ಔದಾ ಅಜ್ಜಿ. ನಾಳೆ ರಜಾ ಅಂದರೂ ಔದಾ ಅಜ್ಜಿ. ಅವ್ವನಿಗೆ ಒಳಗಿನ ವಿಷಯ ಗೊತ್ತಿಲ್ಲ, ಮಗಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಮೊಮ್ಮಗಳು ತನ್ನ ಮಾತಿಗೆ ಇಷ್ಟು ಬೆಲೆ ಕೊಡುತ್ತಾಳಲ್ಲ ಎಂದು ಅವಳಿಗೆ ಖುಷಿಯೇ.

ಒಂದು ಭಾನುವಾರ ಮಗಳನ್ನು ಹೊಲದ ಬದುವಿನಲ್ಲಿರುವ ಅವಳ ಅಮ್ಮನ ಸಮಾಧಿಯ ಹತ್ತಿರ ಕರೆದುಕೊಂಡು ಹೋದೆ. ಏನು ಹೇಳಬೇಕೋ ಇಲ್ಲೇ ಹೇಳಿಬಿಡು ಮಗಾ, ನಾನು ದೂರ ನಿಂತಿರುತ್ತೇನೆ ಅಂದೆ. “ಇಲ್ಲಿ ಏಳುದ್ರೆ ಕೇಳುಸ್ತದೆ ಅಂತ ಯಾರ್ ಏಳುದ್ರು?” ಎಂದು ಕೇಳಿದಳು. ಕಲ್ಲಿನ ಸುತ್ತ ಬೆಳೆದಿದ್ದ ಗರಿಕೆ ಕಿತ್ತು ಇಬ್ಬರೂ ವಾಪಸು ಬಂದೆವು.

ಕ್ರೀಮ್ ಬಿಸ್ಕತ್ತನ್ನೂ ತಂದಿದ್ದೆ ಒಂದು ದಿನ, ದಡ್ಡತನ. ಅಜ್ಜಿಗೆ ಕೊಟ್ಟುಬಿಟ್ಟಳು. ಪವರ್‌ಹೌಸಿನ ಗೆಳೆಯನೊಬ್ಬನ ಹತ್ತಿರ ಎಲ್ಲ ಹೇಳಿಕೊಂಡೆ. “ಇವತ್ತಲ್ಲ ನಾಳೆ ಗೊತ್ತಾಗ್ತಿತ್ತು ಬುಡ್ಲಾ, ಮಕ್ಳು ಮರೀತವೆ” ಅಂದ. ಅವನ ಮೇಲೆ ರೇಗಿದೆ. ಯಾವುದನ್ನು ಮರೆಯುತ್ತಾಳೆ? ಅಮ್ಮ ಬರುವುದಿಲ್ಲ ಎಂದು ಗೊತ್ತಾಗಿದ್ದು ಅವಳ ಕಷ್ಟವಲ್ಲ. ಬರಬೇಡ ಅಂದಿದ್ದ ಮಾತು ಮತ್ತೆ ಅವಳ ಮೇಲೇ ಬಂದು ಬಿದ್ದಿತ್ತು. ಅದನ್ನು ಎತ್ತಿಡಬಲ್ಲ ಮಾತು ಈಗಲೂ ನನ್ನ ಹತ್ತಿರ ಇದೆ, ಆದರೆ ಹೇಳುವ ಬಾಯಿ ನನ್ನದು.

ಈ ಸಲದ ಪಕ್ಷ ಬಂತು. ಎಡೆ ಬೇಡ ಅನ್ನುತ್ತಾಳೇನೋ ಅಂದುಕೊಂಡಿದ್ದೆ. ಅವಳು ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ತಾನೇ ನಡುಮನೆ ಸಾರಿಸಿ, ಅಮ್ಮನ ಫೋಟೋ ಒರೆಸಿ ಕುಂಕುಮ ಇಟ್ಟಳು. ನಾನು ಮದ್ದೂರಿನಿಂದ ತಂದ ವಡೆಯ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಎಣಿಸಿ ಒಂದನ್ನು ಎಲೆಯಲ್ಲಿಟ್ಟಳು. ತಮ್ಮ, ಅವನ ಹೆಂಡತಿ, ಅವರ ಎರಡು ಪುಟ್ಟ ಹೆಣ್ಣುಮಕ್ಕಳು ಬಂದಿದ್ದರು. ಹೊತ್ತು ಇಳಿಯುವ ಹೊತ್ತಿಗೆ ಬಡಿಸಿ ಮುಗಿಯಿತು. ಸಾಂಬ್ರಾಣಿ ಹೊಗೆ ತುಂಬಿದ ಮೇಲೆ ಅವಳು ಲಂಗದ ಸೊಂಟದಿಂದ ಒಂದು ಕಾಗದ ತೆಗೆದಳು. ಹಳೆಯದೇ, ಮೂರನೇ ಕ್ಲಾಸಿನದು. ಮಡಿಕೆಗಳು ಹರಿಯುವಷ್ಟು ಸವೆದಿದ್ದವು. ಅದನ್ನು ವಡೆಯ ಪಕ್ಕದಲ್ಲಿಟ್ಟು, ಗಾಳಿಗೆ ಹಾರದ ಹಾಗೆ ಅದರ ಮೇಲೆ ಒಂದು ಕಜ್ಜಾಯ ಇಟ್ಟಳು.

“ಅಪ್ಪ, ಈ ಸಲ ನೀನ್ ಮೊದ್ಲು ಆಚೆಗ್ ನಡಿ.”

ನಡೆದೆ. ಅವಳು ಅಡುಗೆಮನೆಗೆ ಹೋದಳು. ಹಿತ್ತಿಲ ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿಸಿತು, ಕಿಟಕಿ ಎಳೆದುಕೊಂಡ ಸದ್ದೂ. ಎಲ್ಲರಿಗಿಂತ ಕೊನೆಗೆ ಅವಳು ಹೊರಬಂದಳು, ಮುಂಬಾಗಿಲು ಎಳೆದು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮುಂದೆ ಕೂತಳು. ಒಂದು ಸಲ ನನ್ನನ್ನು ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಅವಳು ನಂಬುವುದು ಬಿಟ್ಟಿದ್ದು ನನ್ನನ್ನು, ಅಮ್ಮನನ್ನಲ್ಲ ಅಂತ ನನಗೆ ತಿಳಿದದ್ದು ಆಗಲೇ. ಇಷ್ಟು ವರ್ಷ ಅಪ್ಪ ನಡುವೆ ಕೈ ಹಾಕಿದ್ದರಿಂದಲೇ ಅಮ್ಮನಿಗೆ ಬರಲು ಆಗಿರಲಿಲ್ಲವೇನೋ ಎಂದು ಒಂದು ಅವಕಾಶ ಕೊಡುತ್ತಿದ್ದಳು.

ನನಗೆ ಹುಚ್ಚು ಹಿಡಿದ ಹಾಗಾಯಿತು. ಹೆಂಚು ತೆಗೆದು ಇಳಿಯಲೇ ಅಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ. ಇನ್ನು ಅರ್ಧ ಗಂಟೆಯಲ್ಲಿ ಆ ಬಾಗಿಲು ತೆರೆಯುತ್ತದೆ, ಕಾಗದ ಇಟ್ಟಲ್ಲೇ ಇರುತ್ತದೆ, ಇಲ್ಲಿರುವ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು. ಬೇಡ ಮಗಾ, ತೆಗೆಯಬೇಡ ಅನ್ನಲೇ? ಔದಾ ಅಜ್ಜಿ ಅನ್ನುತ್ತಾಳೆ. ತಮ್ಮನ ಮಕ್ಕಳು ಹಸಿವು ಎಂದು ರಚ್ಚೆ ಹಿಡಿದವು. ಅವ್ವ, “ಆಯ್ತು ಬುಡವ್ವ, ಉಂಡಿರ್ತಾರೆ, ತಗಿ ಬಾಗ್ಲ” ಅಂದಳು.

ಮಗಳು ಎದ್ದು ಮೂರು ಸಲ ತಟ್ಟಿ ಚಿಲಕ ತೆಗೆದಳು. ನಾವು ಹಿಂದೆ ನಿಂತೆವು. ವಡೆ ಇಡಿಯಾಗಿತ್ತು. ಕಜ್ಜಾಯ ಇಟ್ಟ ಹಾಗೇ ಇತ್ತು, ಅದರ ಅಡಿಯಲ್ಲಿ ಕಾಗದದ ಒಂದು ಮೂಲೆ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಅವ್ವ ಬಾಗಿ ನೋಡಿ, “ಯಾಕವ್ವ, ಈ ಸಲ ಕಡ್ದೇ ಇಲ್ವಲ್ಲ?” ಅಂದಳು. ನಾನು ಮಗಳ ಬೈತಲೆಯನ್ನೇ ನೋಡುತ್ತಿದ್ದೆ. ಸೊಟ್ಟಗಿರಲಿಲ್ಲ, ಈಗೀಗ ಅವಳೇ ಬಾಚಿಕೊಳ್ಳುತ್ತಾಳೆ.

ಅವಳು ಒಳಗೆ ಕಾಲಿಡಲಿಲ್ಲ. ಬಾಗಿಲನ್ನು ಮತ್ತೆ ಮೆಲ್ಲಗೆ ಎಳೆದುಕೊಂಡು ಚಿಲಕ ಹಾಕಿದಳು.

“ಇನ್ನೂ ಬಂದಿಲ್ಲ ಅಜ್ಜಿ. ಇನ್ನೊಸಿ ಒತ್ತು ನೋಡವ.”

ಮೊದಲಿನ ಜಾಗದಲ್ಲೇ ಕೂತಳು. ಅವ್ವ ನನ್ನ ಮುಖ ನೋಡಿದಳು. ತಮ್ಮ ತನ್ನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಇಳಿದ. ನಾನು ಹೋಗಿ ಮಗಳ ಪಕ್ಕದಲ್ಲಿ ಕೂತೆ, ಅವಳು ಬೇಡ ಅನ್ನಲಿಲ್ಲ. ಐದು ವರ್ಷದವಳಿದ್ದಾಗ ಹೇಗೋ ಹಾಗೇ ಬಾಗಿಲಿಗೆ ಕಿವಿ ಕೊಟ್ಟಿದ್ದಳು. ನಾನೂ ಕಿವಿ ಕೊಟ್ಟೆ.